ನಾಡುಬಟಾಣಿ, ಕಾಡುಬಟಾಣಿ: ಕಾಳಿನೊಳಗಿನ ಕಣಜದಲ್ಲಿ ಏನಿದೆ?



ಈಗೀಗ ಮೊಬೈಲ್ ತೆರೆದರೆ ಸಾಕು, ಪ್ರೋಟೀನ್ ಪುಡಿ ಡಬ್ಬಿಗಳ ಜಾಹೀರಾತು ಬರುತ್ತೆ. ಅವುಗಳಲ್ಲಿ ಎಷ್ಟೋ ಡಬ್ಬಿಗಳ ಮೇಲೆ 'ಬಟಾಣಿ ಪ್ರೋಟೀನ್' ಅಂತ ಬರೆದಿರುತ್ತೆ. ಇದನ್ನು ನೋಡಿದ ಯುವ ರೈತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ತಳಿ ಹಾಕಿದ್ರೆ ಪ್ರೋಟೀನ್ ಜಾಸ್ತಿ?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಯಾವ ಪ್ರೋಟೀನ್?"

ಯಾಕೆ ಅಂದ್ರೆ, ಬಟಾಣಿಯಲ್ಲಿ ಇರೋದು ಒಂದೇ ಪ್ರೋಟೀನ್ ಅಲ್ಲ, ಹತ್ತಾರು ಇವೆ. ಕೆಲವು ನಮಗೆ ಪೌಷ್ಟಿಕ, ಕೆಲವು ಜೀರ್ಣಕ್ಕೆ ಅಡ್ಡಿ, ಕೆಲವು ಹುಳಕ್ಕೆ ವಿಷ. ಯಾವುದು ಎಷ್ಟಿರಬೇಕು ಅನ್ನೋದನ್ನ ಮುಖ್ಯವಾಗಿ ತಳಿಯ ಜೀನ್ ತೀರ್ಮಾನಿಸುತ್ತೆ, ಸ್ವಲ್ಪ ಮಟ್ಟಿಗೆ ನಿಮ್ಮ ಮಣ್ಣು ತೀರ್ಮಾನಿಸುತ್ತೆ. ನಾವು ಬೆಳೆಯುವ ಬಟಾಣಿಯಲ್ಲಿ ಇಲ್ಲದ ಕೆಲವು ಗುಣಗಳು ಕಾಡುಬಟಾಣಿಯಲ್ಲಿ ಇವತ್ತಿಗೂ ಉಳಿದಿವೆ. ಈ ವಾರದ ಪಾಠ ಅದರ ಬಗ್ಗೆ. ಸ್ವಲ್ಪ ವಿಜ್ಞಾನ ಬರುತ್ತೆ, ಹೆದರಬೇಡಿ. ಕೊನೆಯಲ್ಲಿ ಗೊಬ್ಬರದ ಲೆಕ್ಕ, ಬೀಜದ ಲೆಕ್ಕ ಎರಡೂ ಇದೆ.

ಶೇಕಡಾ ಲೆಕ್ಕ ಹೇಳದ ಮಾತು

ಒಣ ಬಟಾಣಿಯಲ್ಲಿ ಸಾಮಾನ್ಯವಾಗಿ ಶೇ 20ರಿಂದ 25ರಷ್ಟು ಪ್ರೋಟೀನ್ ಇರುತ್ತದೆ. ಹಸಿ ಬಟಾಣಿಯಲ್ಲಿ ನೀರೇ ಹೆಚ್ಚು, ಹಾಗಾಗಿ 100 ಗ್ರಾಂಗೆ 5–7 ಗ್ರಾಂ ಮಾತ್ರ ಸಿಗುತ್ತದೆ.

ಈ ಶೇಕಡಾ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಪ್ರಯೋಗಾಲಯದಲ್ಲಿ ಬಹಳ ಕಾಲದಿಂದ ಮಾಡುತ್ತಾ ಬಂದಿರೋದು ಕೆಲ್ಡಾಲ್ ವಿಧಾನ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಇದನ್ನು ಪ್ರಕಟಿಸಿದ. ಇದರಲ್ಲಿ ಅಳೆಯೋದು ಪ್ರೋಟೀನನ್ನಲ್ಲ, ಕಾಳಿನಲ್ಲಿರುವ ಸಾರಜನಕವನ್ನು. ಆ ಅಂಕಿಯನ್ನು 6.25ರಿಂದ ಗುಣಿಸಿ 'ಇಷ್ಟು ಪ್ರೋಟೀನ್' ಅಂತ ಬರೆಯುತ್ತಾರೆ. ಅಂದರೆ ಎರಡು ತಳಿಗಳ ಮೇಲೂ ಶೇ 23 ಅಂತ ಬರೆದಿದ್ದರೂ ಒಳಗಿನ ಸರಕು ಬೇರೆ ಬೇರೆ ಇರಬಹುದು. ಎರಡು ಮನೆಯ ಕಣಜದಲ್ಲೂ ಹತ್ತು ಚೀಲ ಧಾನ್ಯ ಇದೆ ಅಂದ ಮಾತ್ರಕ್ಕೆ ಎರಡರಲ್ಲೂ ರಾಗಿಯೇ ಇದೆ ಅನ್ನೋಕಾಗುತ್ತಾ? ಹಾಗೇ ಇದು.

ಕಣಜದೊಳಗೆ ಯಾರ್ಯಾರು?

ಬಟಾಣಿ ಕಾಳಿನ ಸಿಪ್ಪೆ ತೆಗೆದರೆ ಎರಡು ಬೇಳೆ. ಈ ಬೇಳೆಗಳೇ ಮೊಳಕೆಯ ಕಣಜ. ನೆಲದಿಂದ ಮೇಲೆ ಬಂದು, ಬೇರು ಬಿಟ್ಟು, ಸ್ವಂತ ಕಾಲ ಮೇಲೆ ನಿಲ್ಲುವ ತನಕ ಸಸಿಗೆ ಬೇಕಾದ ಸಾರಜನಕವನ್ನು ತಾಯಿಗಿಡ ಇಲ್ಲಿ ತುಂಬಿಟ್ಟಿರುತ್ತದೆ. ಹೀಗೆ ಬುತ್ತಿ ಕಟ್ಟಿಟ್ಟ ಪ್ರೋಟೀನಿಗೆ 'ಶೇಖರಣಾ ಪ್ರೋಟೀನ್' ಅಂತ ಹೆಸರು. ನಾವು ತಿನ್ನೋದು ಆ ಸಸಿಯ ಬುತ್ತಿಯನ್ನೇ.

ಇದರಲ್ಲಿ ಎರಡು ದೊಡ್ಡ ಗುಂಪು:

1. ಗ್ಲಾಬ್ಯುಲಿನ್ – ಉಪ್ಪುನೀರಿನಲ್ಲಿ ಕರಗುವಂಥದ್ದು. ಬಟಾಣಿ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಇದೇ.
2. ಆಲ್ಬುಮಿನ್ – ಬರೀ ನೀರಿನಲ್ಲೇ ಕರಗುವಂಥದ್ದು. ಸುಮಾರು ಐದನೇ ಒಂದು ಪಾಲು.

ಗ್ಲಾಬ್ಯುಲಿನ್ ಗುಂಪಿನಲ್ಲಿ ಮೂವರು ಮುಖ್ಯ: ಲೆಗ್ಯುಮಿನ್, ವಿಸಿಲಿನ್, ಕಾನ್‌ವಿಸಿಲಿನ್.

ಲೆಗ್ಯುಮಿನ್ ಕಟ್ಟಿಕೊಂಡಿರುವ ರೀತಿ ನಮ್ಮ ರೈತರಿಗೆ ಬೇಗ ಅರ್ಥವಾಗುತ್ತೆ. ಆರು ಜೊತೆ ಎತ್ತುಗಳನ್ನು ಒಟ್ಟಿಗೆ ಕಟ್ಟಿದ್ದಾರೆ ಅಂದುಕೊಳ್ಳಿ. ಪ್ರತಿ ಜೊತೆಯಲ್ಲೂ ಒಂದು ದೊಡ್ಡ ಎತ್ತು, ಒಂದು ಸಣ್ಣ ಎತ್ತು. ಎರಡನ್ನೂ ಹಿಡಿದಿಟ್ಟಿರುವ ನೊಗ ಯಾವುದು ಅಂದ್ರೆ ಗಂಧಕದ ಬಂಧ. ವಿಸಿಲಿನ್‌ನಲ್ಲಿ ಮೂರೇ ಎತ್ತು, ಈ ನೊಗ ಇಲ್ಲ. ಹಾಗಾಗಿ ವಿಸಿಲಿನ್‌ಗೆ ಗಂಧಕದ ಅಗತ್ಯ ಕಡಿಮೆ. ಕಾನ್‌ವಿಸಿಲಿನ್ ಈ ವಿಸಿಲಿನ್ನಿನ ದಾಯಾದಿ, ಒಂದು ಬಾಲ ಜಾಸ್ತಿ ಇರುವ ದೊಡ್ಡ ದೇಹದ್ದು.

ಈ ವ್ಯತ್ಯಾಸದಿಂದ ನಮಗೇನು? ಮಿಥಿಯೊನಿನ್ ಮತ್ತು ಸಿಸ್ಟೀನ್ ಅನ್ನೋ ಎರಡು ಅಮೈನೋ ಆಮ್ಲಗಳಲ್ಲಿ ಗಂಧಕ ಇರುತ್ತೆ. ದ್ವಿದಳ ಧಾನ್ಯಗಳಲ್ಲೆಲ್ಲ ಕೊರತೆ ಬೀಳೋದು ಇವೇ. ಲೆಗ್ಯುಮಿನ್‌ನಲ್ಲಿ ಇವು ವಿಸಿಲಿನ್‌ಗಿಂತ ಹೆಚ್ಚು. ಆದ್ದರಿಂದ ಒಟ್ಟು ಪ್ರೋಟೀನ್ ಒಂದೇ ಇದ್ದರೂ ಲೆಗ್ಯುಮಿನ್ ಪಾಲು ಹೆಚ್ಚಿರುವ ಬಟಾಣಿಯಲ್ಲಿ ಗಂಧಕದ ಅಮೈನೋ ಆಮ್ಲಗಳು ಹೆಚ್ಚು ಸಿಗುತ್ತವೆ.

ನಮ್ಮ ಅಜ್ಜಿಯರು ಮುದ್ದೆಗೆ ಕಾಳುಸಾರು ಜೋಡಿ ಮಾಡಿದ್ದು ಸುಮ್ಮನೆ ಅಲ್ಲ. ರಾಗಿಯಲ್ಲಿ ಮಿಥಿಯೊನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ. ಕಾಳಿನಲ್ಲಿ ಲೈಸಿನ್ ಧಾರಾಳ, ಮಿಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ.

ಅಡುಗೆಮನೆಯಲ್ಲೇ ಮಾಡಿ ನೋಡಿ

ಓದಿದ್ದು ಕಣ್ಣಿಗೂ ಕಾಣಬೇಕು. ನಾನು ಯುವ ರೈತರ ತರಬೇತಿಗೆ ಹೋದಾಗಲೆಲ್ಲ ಇದನ್ನು ಮಾಡಿ ತೋರಿಸುತ್ತೇನೆ.

- 100 ಗ್ರಾಂ ಒಣ ಬಟಾಣಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ.
- ಒಂದು ಲೀಟರ್ ನೀರಿಗೆ ಹಾಕಿ, ಕಾಲು ಚಮಚ ಅಡುಗೆ ಸೋಡಾ ಸೇರಿಸಿ, ಅರ್ಧ ಗಂಟೆ ಆಗಾಗ ಕಲಕುತ್ತಿರಿ.
- ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿದದ್ದು ನಾರು.
- ಸೋಸಿದ ನೀರನ್ನು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೆಳ್ಳಗೆ ಕೂರುವುದು ಪಿಷ್ಟ.
- ಮೇಲಿನ ನೀರನ್ನು ನಿಧಾನಕ್ಕೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ನಿಂಬೆರಸ ಸ್ವಲ್ಪ ಸ್ವಲ್ಪವೇ ಹಿಂಡಿ. ಮೊದಲು ನೊರೆ ಬರುತ್ತೆ, ಅದು ಸೋಡಾದ್ದು. ಇನ್ನೂ ಹಿಂಡುತ್ತಾ ಹೋಗಿ.

ಒಂದು ಹಂತದಲ್ಲಿ ಹಾಲು ಒಡೆದ ಹಾಗೆ ಬಟಾಣಿ ನೀರು ಒಡೆಯುತ್ತೆ. ಕೆಳಗೆ ಕೂರುವ ಮೊಸರಿನಂಥ ಗಸಿಯಲ್ಲಿ ಹೆಚ್ಚಿನ ಪಾಲು ಲೆಗ್ಯುಮಿನ್ ಮತ್ತು ವಿಸಿಲಿನ್. ಮೇಲೆ ಉಳಿಯುವ ತಿಳಿನೀರಿನಲ್ಲಿ ಆಲ್ಬುಮಿನ್ ಇರುತ್ತೆ. ಕಾರ್ಖಾನೆಗಳಲ್ಲಿ ಬಟಾಣಿ ಪ್ರೋಟೀನ್ ಪುಡಿ ತಯಾರಿಸುವ ಒಂದು ಮುಖ್ಯ ವಿಧಾನದ ತಿರುಳೂ ಇದೇ: ಕ್ಷಾರದಲ್ಲಿ ಕರಗಿಸು, ಹುಳಿ ಹಾಕಿ ಕೂರಿಸು, ಒಣಗಿಸು.

ಆದರೆ ಲೆಗ್ಯುಮಿನ್ ಎಷ್ಟು, ವಿಸಿಲಿನ್ ಎಷ್ಟು ಅಂತ ಈ ಪಾತ್ರೆ ಹೇಳೋದಿಲ್ಲ. ಅದಕ್ಕೆ ಪ್ರಯೋಗಾಲಯದ ಜೆಲ್ ಬೇಕು. ಜೆಲ್ ಅಂದರೆ ಒಂಥರಾ ಜರಡಿ. ಪ್ರೋಟೀನನ್ನು ಅದರ ಒಂದು ತುದಿಯಲ್ಲಿಟ್ಟು ವಿದ್ಯುತ್ ಹರಿಸಿದರೆ ಸಣ್ಣ ಪ್ರೋಟೀನ್ ದೂರ ಓಡುತ್ತೆ, ದೊಡ್ಡದು ಹಿಂದೆ ಉಳಿಯುತ್ತೆ. ಬಣ್ಣ ಹಾಕಿದಾಗ ಸೀರೆಯ ಪಟ್ಟಿಗಳ ಹಾಗೆ ಗೆರೆಗಳು ಮೂಡುತ್ತವೆ. ಈ ಗೆರೆಗಳ ಜೋಡಣೆ ತಳಿಯಿಂದ ತಳಿಗೆ ಬದಲಾಗುತ್ತೆ. ಇದಕ್ಕೆ ಇಡೀ ಕಾಳು ಬೇಕಿಲ್ಲ. ಮೊಳಕೆ ಇಲ್ಲದ ಬದಿಯಿಂದ ಚೂರು ಕೆರೆದು ಪರೀಕ್ಷೆಗೆ ಕೊಟ್ಟು, ಉಳಿದ ಕಾಳನ್ನು ಬಿತ್ತಬಹುದು! ತಳಿವಿಜ್ಞಾನಿಗಳಿಗೆ ಇದರಿಂದ ಎಷ್ಟೋ ಕಾಲ ಉಳಿಯುತ್ತೆ.

ಗುಂಡು ಕಾಳು, ಸುಕ್ಕು ಕಾಳು

ಜೀನ್ ಬದಲಾದರೆ ಪ್ರೋಟೀನ್ ಬದಲಾಗುತ್ತೆ ಅನ್ನೋದಕ್ಕೆ ಉದಾಹರಣೆ ನಿಮ್ಮ ಕೈಯಲ್ಲೇ ಇದೆ. ಮಸಾಲಪುರಿ ಬಂಡಿಯವನ ಹತ್ತಿರ ಇರುವ ಒಣ ಬಟಾಣಿ ನೋಡಿ, ಗುಂಡಗೆ ನುಣ್ಣಗೆ ಇರುತ್ತೆ. ತರಕಾರಿ ಬಟಾಣಿ ಅರ್ಕೆಲ್ ತಳಿಯ ಬಿತ್ತನೆ ಬೀಜದ ಪೊಟ್ಟಣ ಒಡೆದು ನೋಡಿ, ಮುದುಕರ ಕೆನ್ನೆ ಹಾಗೆ ಸುಕ್ಕುಗಟ್ಟಿರುತ್ತೆ. ಬೀಜ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡೋಕೆ ಹೋದವರೂ ಇದ್ದಾರೆ. ಅದು ಕೆಟ್ಟಿದ್ದಲ್ಲ, ಆ ತಳಿಯ ಗುಣ.

ಈಗಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠದಲ್ಲಿದ್ದ ಗ್ರೆಗರ್ ಮೆಂಡಲ್ ಇದೇ ಗುಂಡು–ಸುಕ್ಕು ವ್ಯತ್ಯಾಸ ಹಿಡಿದು ಕೆಲಸ ಮಾಡಿದ. 1866ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ ಎರಡನೇ ತಲೆಮಾರಿನ 7,324 ಕಾಳುಗಳ ಲೆಕ್ಕ ಇದೆ: 5,474 ಗುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಶಾಲೆಯಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೇವೆ.

ಸುಕ್ಕಿಗೆ ಕಾರಣ ಏನು ಅಂತ ಜೀನ್ ಮಟ್ಟದಲ್ಲಿ ಗೊತ್ತಾಗಿದ್ದು 1990ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ. ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವದ ಜೀನ್ ಮಧ್ಯೆ ಸುಮಾರು 800 ಅಕ್ಷರಗಳಷ್ಟು ಉದ್ದದ ಡಿಎನ್ಎ ತುಣುಕೊಂದು ಬಂದು ಕೂತಿತ್ತು. ಕಿಣ್ವ ಕೆಲಸ ಮಾಡಲಿಲ್ಲ, ಪಿಷ್ಟ ಕಡಿಮೆಯಾಯಿತು, ಸಕ್ಕರೆ ಹಾಗೇ ಉಳಿಯಿತು. ಸಕ್ಕರೆ ನೀರನ್ನು ಎಳೆಯುತ್ತೆ, ಹಸಿಯಿದ್ದಾಗ ಕಾಳು ಊದಿಕೊಳ್ಳುತ್ತೆ, ಒಣಗಿದಾಗ ಕುಗ್ಗಿ ಸುಕ್ಕಾಗುತ್ತೆ. ಹಸಿ ಬಟಾಣಿ ಸಿಹಿ ಇರೋದಕ್ಕೂ ಇದೇ ಕಾರಣ.

ನಮ್ಮ ಪಾಠಕ್ಕೆ ಬೇಕಾದ್ದು ಮುಂದಿನ ಮಾತು. ಈ ಸುಕ್ಕು ಕಾಳಿನಲ್ಲಿ ಗುಂಡು ಕಾಳಿಗಿಂತ ಲೆಗ್ಯುಮಿನ್ ಪಾಲೂ ಕಡಿಮೆ. ಕೆಟ್ಟಿದ್ದು ಪಿಷ್ಟದ ಜೀನ್, ಏಟು ಬಿದ್ದಿದ್ದು ಪ್ರೋಟೀನಿಗೂ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲುಗುತ್ತೆ. ಸಿಹಿಗಾಗಿ ಆರಿಸಿದ ತಳಿಯನ್ನೇ ಒಣಕಾಳಿನ ಪ್ರೋಟೀನಿಗೂ ಅತ್ಯುತ್ತಮ ಅಂತ ಅಂದುಕೊಳ್ಳಬಾರದು. ತರಕಾರಿಗೆ ತರಕಾರಿ ತಳಿ, ಒಣಕಾಳಿಗೆ ಗುಂಡು ಕಾಳಿನ ತಳಿ.

ಇನ್ನೊಂದು ಸಂಗತಿ. ಕಾಳು ತುಂಬುವಾಗ ವಿಸಿಲಿನ್ ಮೊದಲು ಶುರುವಾಗುತ್ತೆ, ಲೆಗ್ಯುಮಿನ್ ಆಮೇಲೆ. ಹಾಗಾಗಿ ಎಳೆಯದಾಗಿ ಕಿತ್ತ ಹಸಿ ಬಟಾಣಿಯ ಪ್ರೋಟೀನ್ ಮಿಶ್ರಣವೇ ಬೇರೆ, ಗಿಡದಲ್ಲೇ ಬಲಿತ ಕಾಳಿನದ್ದೇ ಬೇರೆ.

ಕಾಡುಬಟಾಣಿ ಎಲ್ಲಿದೆ, ಹೇಗಿದೆ?

ಬಟಾಣಿ ನಮ್ಮ ನೆಲದ್ದಲ್ಲ. ಟರ್ಕಿ, ಸಿರಿಯಾ, ಇಸ್ರೇಲ್ ಕಡೆಯ ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಗೋಧಿ, ಬಾರ್ಲಿ, ಮಸೂರ, ಕಡಲೆ ಜೊತೆಗೆ ಜನ ಇದನ್ನು ಪಳಗಿಸಿದರು. ಅದರ ಕಾಡು ಬಂಧುಗಳು ಆ ಕಡೆ ಇನ್ನೂ ಬೆಳೆಯುತ್ತಿವೆ.

- ಇಲೇಟಿಯಸ್: ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲಿಂದ ಕಾಕಸಸ್ ಬೆಟ್ಟಗಳ ತನಕ ಇರುವ ಎತ್ತರದ ಬಳ್ಳಿ. ನಮ್ಮ ಬಟಾಣಿಯ ನೇರ ಪೂರ್ವಜ ಇದೇ.
- ಪೈಸಮ್ ಫುಲ್ವಮ್: ಬೇರೆಯೇ ಜಾತಿ. ಹೂವು ಇಟ್ಟಿಗೆ–ಕಿತ್ತಳೆ ಬಣ್ಣ. ಇದರ ಒಂದು ಬಗೆ ನೆಲಗಡಲೆಯ ಹಾಗೆ ಕೆಲವು ಕಾಯಿಗಳನ್ನು ಮಣ್ಣಿನೊಳಗೂ ಬಿಡುತ್ತೆ.
- ಅಬಿಸಿನಿಕಮ್: ಇಥಿಯೋಪಿಯ ಮತ್ತು ಯೆಮನ್‌ನ ಎತ್ತರದ ಪ್ರದೇಶದ್ದು. ಇದು ಕಾಡಲ್ಲ, ಅಲ್ಲಿಯ ರೈತರು ಬೇರೆಯಾಗಿ ಪಳಗಿಸಿಕೊಂಡ ಬಟಾಣಿ.

ಕಾಡುಬಟಾಣಿಯನ್ನು ಹೊಲದಲ್ಲಿ ಬೆಳೆಯೋಕಾಗಲ್ಲ. ಕಾಯಿ ಒಣಗಿದ ಕೂಡಲೇ ಪಟ್ ಅಂತ ಸಿಡಿದು ಬೀಜ ಚೆಲ್ಲುತ್ತೆ. ಸಿಪ್ಪೆ ಎಷ್ಟು ದಪ್ಪ ಅಂದರೆ ಬಿತ್ತಿದ ಬೀಜ ಒಟ್ಟಿಗೆ ಮೊಳೆಯಲ್ಲ. ಕಾಳು ಸಣ್ಣ. ನಮ್ಮ ಪೂರ್ವಜ ರೈತರು ಸಿಡಿಯದ ಕಾಯಿ, ತೆಳು ಸಿಪ್ಪೆ, ದಪ್ಪ ಕಾಳು ಆರಿಸಿ ಆರಿಸಿ ಇಟ್ಟರು. ಆದರೆ ಹಾಗೆ ಬೆರಳೆಣಿಕೆಯ ಗಿಡಗಳನ್ನು ಆರಿಸಿದಾಗ ಅವುಗಳಲ್ಲಿದ್ದ ಜೀನ್‌ಗಳು ಮಾತ್ರ ನಮ್ಮ ಜೊತೆ ಬಂದವು. ಉಳಿದವು ಕಾಡಿನಲ್ಲೇ ಉಳಿದವು. ಜಾತ್ರೆಯ ಅಂಗಡಿಯಿಂದ ಒಂದು ಬೊಗಸೆ ಬಳೆ ತಂದರೆ ಎಲ್ಲ ಬಣ್ಣವೂ ಬರುತ್ತಾ?

ಲೆಗ್ಯುಮಿನ್, ವಿಸಿಲಿನ್ ಒಂದೊಂದೇ ಜೀನಿನ ಕೆಲಸ ಅಲ್ಲ, ಒಂದೊಂದಕ್ಕೂ ಜೀನ್‌ಗಳ ಕುಟುಂಬವೇ ಇದೆ. ಹಾಗಾಗಿ ಒಂದರಲ್ಲಿ ಬದಲಾವಣೆ ಆದರೂ ಕಾಳು ಬದುಕುತ್ತೆ, ಬದಲಾವಣೆ ಉಳಿದುಕೊಳ್ಳುತ್ತೆ. ಕಾಡು ಮತ್ತು ನಾಡು ಬಟಾಣಿಯ ಪ್ರೋಟೀನನ್ನು ಪಕ್ಕಪಕ್ಕದಲ್ಲಿ ಜೆಲ್‌ನಲ್ಲಿ ಓಡಿಸಿದರೆ ಗೆರೆಗಳ ಸ್ಥಾನ, ದಪ್ಪ, ಸಂಖ್ಯೆ ಬೇರೆ ಬೇರೆ ಕಾಣುತ್ತವೆ. 2019ರಲ್ಲಿ ಫ್ರಾನ್ಸಿನ ವಿಜ್ಞಾನಿಗಳ ಮುಂದಾಳತ್ವದಲ್ಲಿ ಬಟಾಣಿಯ ಪೂರ್ತಿ ಜೀನೋಮ್ ಪ್ರಕಟವಾಯಿತು. 'ಕ್ಯಾಮಿಯೋರ್' ಅನ್ನೋ ತಳಿಯದ್ದು. ಇದರಿಂದ ಯಾವ ಗೆರೆಗೆ ಯಾವ ಜೀನ್ ಅಂತ ಹುಡುಕೋ ಕೆಲಸ ಹಗುರಾಗಿದೆ.

ಕಾಡಿನಿಂದ ನಾಡಿಗೆ ಬಂದದ್ದು

ಇಷ್ಟೆಲ್ಲ ವ್ಯತ್ಯಾಸ ಇದ್ದು ಪ್ರಯೋಜನ ಏನು? ಮೂರು ಉದಾಹರಣೆ ಕೊಡುತ್ತೇನೆ.

*ಮೊದಲನೆಯದು, ಜೀರ್ಣಕ್ಕೆ ಅಡ್ಡಿಯಾಗುವ ಪ್ರೋಟೀನ್.* ಬಟಾಣಿಯಲ್ಲಿ ಟ್ರಿಪ್ಸಿನ್ ನಿರೋಧಕ ಅಂತ ಒಂದಿದೆ. ಟ್ರಿಪ್ಸಿನ್ ನಮ್ಮ ಹೊಟ್ಟೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಈ ನಿರೋಧಕ ಆ ಕತ್ತರಿಯ ಬಾಯಿಗೇ ಸಿಕ್ಕಿಹಾಕಿಕೊಂಡು ಕೆಲಸ ನಿಲ್ಲಿಸುತ್ತೆ. ನಾವು ನೆನೆಸಿ ಕುಕ್ಕರಿನಲ್ಲಿ ಬೇಯಿಸುವುದರಿಂದ ಬಹುಪಾಲು ಹಾಳಾಗುತ್ತೆ, ಮನುಷ್ಯರಿಗೆ ಅಷ್ಟು ತೊಂದರೆ ಇಲ್ಲ. ಆದರೆ ಕೋಳಿ, ಹಂದಿಗೆ ಹಸಿ ಬಟಾಣಿ ಪುಡಿ ಹಾಕಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜಾನ್ ಇನ್ನೆಸ್ ಕೇಂದ್ರದಲ್ಲಿ 3,500ಕ್ಕೂ ಹೆಚ್ಚು ಬಟಾಣಿ ಮಾದರಿಗಳ ಸಂಗ್ರಹ ಇದೆ. ಅದರಲ್ಲಿ ಹುಡುಕಿದಾಗ ಒಂದು ಇಲೇಟಿಯಸ್ ಕಾಡುಬಟಾಣಿಯಲ್ಲಿ ಈ ನಿರೋಧಕದ ಮುಖ್ಯ ಜೀನ್‌ಗಳು ಪ್ರಕೃತಿಯಲ್ಲೇ ಕೆಲಸ ಕಳೆದುಕೊಂಡಿದ್ದವು. 2015ರಲ್ಲಿ ಇದು ಪ್ರಕಟವಾಯಿತು. ಆ ಗುಣವನ್ನು ಮಾಮೂಲಿ ಸಂಕರಣದಿಂದಲೇ ಸಾಗುವಳಿ ಬಟಾಣಿಗೆ ತರಬಹುದು, ಹೊರಗಿನ ಜೀನ್ ಸೇರಿಸಬೇಕಾಗಿಲ್ಲ.

*ಎರಡನೆಯದು, ರೋಗ.* ಬಟಾಣಿ ಬೆಳೆಗಾರರಿಗೆಲ್ಲ ಬೂದಿರೋಗದ ಕಾಟ ಗೊತ್ತು. ಅದಕ್ಕೆ ಈ ತನಕ ಗುರುತಿಸಿರುವ ನಿರೋಧಕ ಜೀನ್‌ಗಳಲ್ಲಿ ಒಂದು ಬಂದಿರೋದು ಫುಲ್ವಮ್ ಕಾಡುಬಟಾಣಿಯಿಂದ. ಇದು ಶೇಖರಣಾ ಪ್ರೋಟೀನ್ ಅಲ್ಲ, ಆದರೆ ಕಾಡಿನ ಕಣಜದಿಂದಲೇ ಬಂದದ್ದು, ಹಾಗಾಗಿ ಹೇಳಿದೆ.

*ಮೂರನೆಯದು ಬಟಾಣಿಯ ಬಂಧು ಬೀನ್ಸ್‌ನದ್ದು.* ಮೆಕ್ಸಿಕೊದ ಕಾಡು ಬೀನ್ಸ್ ಕಾಳಿಗೆ ಒಂದು ಜಾತಿಯ ಕಾಳು ದುಂಬಿ ಬೀಳುತ್ತಿರಲಿಲ್ಲ. 1980ರ ದಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಆರ್ಸೆಲಿನ್ ಅನ್ನೋ ಬೀಜ ಪ್ರೋಟೀನ್ ಸಿಕ್ಕಿತು. ಸಾಗುವಳಿ ಬೀನ್ಸ್‌ನಲ್ಲಿ ಅದು ಇರಲೇ ಇಲ್ಲ. ಸಂಕರಣ ಮಾಡಿ ನಾಡು ಬೀನ್ಸ್‌ಗೆ ತಂದರು, ದುಂಬಿಯ ಹಾವಳಿ ತಗ್ಗಿತು. ಕಾಳು ತುಂಬಿಟ್ಟ ಚೀಲ ಮೂರು ತಿಂಗಳಲ್ಲಿ ಹಿಟ್ಟಾಗೋದನ್ನ ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಇಲ್ಲಿ ಬಟಾಣಿಯದ್ದೇ ಒಂದು ಹುಳದ ಕಥೆಯೂ ಇದೆ. ಬಟಾಣಿಯ ಆಲ್ಬುಮಿನ್ ಗುಂಪಿನಲ್ಲಿ ಪಿಎ–1ಬಿ ಅಂತ ಒಂದು ಪುಟಾಣಿ ಪ್ರೋಟೀನ್. ಬರೀ 37 ಅಮೈನೋ ಆಮ್ಲ, ಅದರಲ್ಲಿ ಆರು ಗಂಧಕ ಇರುವ ಸಿಸ್ಟೀನ್. ಇದು ಅಕ್ಕಿ, ಗೋಧಿಯಲ್ಲಿ ಬೀಳುವ ಸೊಂಡಿಲು ಹುಳಕ್ಕೆ ವಿಷ ಅಂತ 1990ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪತ್ತೆ ಮಾಡಿದರು. ಆದರೆ ಈ ವಿಷಕ್ಕೂ ಜಗ್ಗದ ಸೊಂಡಿಲು ಹುಳದ ತಳಿಗಳೂ ಆಗಲೇ ಸಿಕ್ಕಿವೆ. ಹುಳದ ಕಡೆಯೂ ಜೀನ್ ವ್ಯತ್ಯಾಸ ಇರುತ್ತಲ್ಲ! ಒಂದೇ ಜೀನನ್ನು ನಂಬಿಕೊಂಡು ಕೂತರೆ ಆಗೋದು ಹೀಗೇ. ಒಂದಲ್ಲ ಇನ್ನೊಂದು ಬೇಕು, ಅದು ಸಿಗಬೇಕಾದರೆ ವೈವಿಧ್ಯ ಉಳಿದಿರಬೇಕು.

ಕಾಡಿನಿಂದ ಗುಣ ತರೋದು ಸುಲಭ ಅಂತ ತಿಳೀಬೇಡಿ. ಫುಲ್ವಮ್ ಜೊತೆ ಸಂಕರಣ ಕಷ್ಟಪಟ್ಟು ಹಿಡಿಯುತ್ತೆ. ಇಲೇಟಿಯಸ್‌ನ ಕೆಲವು ಸಂಕರಗಳಲ್ಲಿ ಎಲೆ ಬಿಳಿಚಿಕೊಳ್ಳುತ್ತೆ, ಬೀಜ ಕಟ್ಟೋದಿಲ್ಲ. ಬೇಕಾದ ಒಂದು ಜೀನ್ ಜೊತೆ ಸಿಡಿಯುವ ಕಾಯಿ, ದಪ್ಪ ಸಿಪ್ಪೆಯಂಥ ಬೇಡದ ಹತ್ತು ಬರುತ್ತವೆ. ಮತ್ತೆ ಮತ್ತೆ ಒಳ್ಳೆ ತಳಿಗೆ ಸಂಕರಿಸಿ ಅವನ್ನು ತೊಳೆಯಬೇಕು. ವರ್ಷಗಟ್ಟಲೆ ಕೆಲಸ.

ಜೀನ್ ನಕ್ಷೆ ಕೊಡುತ್ತೆ, ಇಟ್ಟಿಗೆ ಮಣ್ಣಿನದು

ಈಗ ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರೋಣ. ಮನೆಯ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಸಿಮೆಂಟ್ ಇಲ್ಲದಿದ್ದರೆ ಗೋಡೆ ಏಳುತ್ತಾ? ಲೆಗ್ಯುಮಿನ್‌ನ ನೊಗ ಗಂಧಕದ್ದು ಅಂದೆನಲ್ಲ. ಮಣ್ಣಿನಲ್ಲಿ ಗಂಧಕ ಇಲ್ಲದಿದ್ದರೆ ಗಿಡ ಜಾಣತನ ಮಾಡುತ್ತೆ: ಲೆಗ್ಯುಮಿನ್, ಪಿಎ–1 ತಯಾರಿ ಇಳಿಸಿ, ಗಂಧಕ ಬೇಡದ ವಿಸಿಲಿನ್ ತುಂಬುತ್ತೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1970–80ರ ದಶಕದಲ್ಲೇ ಬಟಾಣಿಯಲ್ಲಿ ಇದನ್ನು ತೋರಿಸಿದ್ದಾರೆ. ಕಣಜ ಹೊರಗಿನಿಂದ ತುಂಬಿದ ಹಾಗೇ ಕಾಣುತ್ತೆ, ಒಳಗಿನ ಸರಕು ಬದಲಾಗಿರುತ್ತೆ.

ನಮ್ಮಲ್ಲಿ ಎಷ್ಟೋ ಜನ ಬಿತ್ತನೆಗೆ ಡಿಎಪಿ, ಆಮೇಲೆ ಯೂರಿಯಾ, ಅಷ್ಟೇ. ಎರಡರಲ್ಲೂ ಗಂಧಕ ಇಲ್ಲ. ಲೆಕ್ಕ ನೋಡಿ:

- ಡಿಎಪಿ 50 ಕೆಜಿ ಚೀಲ: ಸಾರಜನಕ 9 ಕೆಜಿ, ರಂಜಕ 23 ಕೆಜಿ, ಗಂಧಕ ಸೊನ್ನೆ.
- ಸಿಂಗಲ್ ಸೂಪರ್ ಫಾಸ್ಫೇಟ್ 50 ಕೆಜಿ ಚೀಲ: ರಂಜಕ 8 ಕೆಜಿ, ಗಂಧಕ ಸುಮಾರು 5.5 ಕೆಜಿ, ಜೊತೆಗೆ ಸುಣ್ಣದಂಶ.

ದ್ವಿದಳ ಧಾನ್ಯಗಳಿಗೆ ಗಂಧಕದ ಕೊರತೆ ಇರುವಲ್ಲಿ ಸಾಮಾನ್ಯವಾಗಿ ಹೆಕ್ಟೇರಿಗೆ 20 ಕೆಜಿ ಗಂಧಕ ಹೇಳುತ್ತಾರೆ. ಅಂದರೆ ಎಕರೆಗೆ 8 ಕೆಜಿ. ಒಂದೂವರೆ ಚೀಲ ಸೂಪರ್ ಫಾಸ್ಫೇಟ್‌ನಲ್ಲಿ ಅದು ಬಂತು. ರಂಜಕಕ್ಕೆ ಹೇಗೂ ದುಡ್ಡು ಹಾಕುತ್ತೀರಿ, ಸೂಪರ್ ಫಾಸ್ಫೇಟ್ ರೂಪದಲ್ಲಿ ಹಾಕಿದರೆ ಗಂಧಕ ಜೊತೆಗೇ ಬರುತ್ತೆ. ಜಿಪ್ಸಮ್ ಕೂಡ ಆಗುತ್ತೆ. ಆದರೆ ಸುಮ್ಮನೆ ಸುರಿಯಬೇಡಿ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಗಂಧಕವೂ ಒಂದು. ನಿಮ್ಮ ಕಾರ್ಡಿನಲ್ಲಿ ಆ ಸಾಲು ನೋಡಿ, ಲಭ್ಯ ಗಂಧಕ 10 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ.

ಸಾರಜನಕದ ಮಾತು: ಬಟಾಣಿ ಬೇರುಗಂಟಿನಲ್ಲೇ ಅದನ್ನು ತಯಾರಿಸಿಕೊಳ್ಳುತ್ತೆ. ಬಟಾಣಿಗೆ ಹೊಂದುವ ರೈಜೋಬಿಯಂ ಬೇರೆ, ಶೇಂಗಾ, ಸೋಯಾಕ್ಕೆ ಹೊಂದುವುದು ಬೇರೆ. ಪೊಟ್ಟಣದ ಮೇಲೆ ಬಟಾಣಿ ಅಂತ ಬರೆದಿದೆಯಾ ನೋಡಿ ತಗೊಳ್ಳಿ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಕಿತ್ತು ಗಂಟು ಸೀಳಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ.

ಬೀಜ ನಿಮ್ಮದು, ಹಕ್ಕೂ ನಿಮ್ಮದು

ಕಾಡುಬಟಾಣಿ ದೂರದ ದೇಶದ್ದು, ಅದನ್ನು ಕಾಯೋದು ದೊಡ್ಡ ಸಂಸ್ಥೆಗಳ ಕೆಲಸ. ಅದೂ ಎಷ್ಟು ನಾಜೂಕು ನೋಡಿ. ಸಿರಿಯಾದ ಅಲೆಪ್ಪೊ ಹತ್ತಿರ ಇಕಾರ್ಡಾ ಸಂಸ್ಥೆಯ ದೊಡ್ಡ ಬೀಜ ಭಂಡಾರ ಇತ್ತು. ಯುದ್ಧದಿಂದ ಅಲ್ಲಿ ಕೆಲಸ ಮಾಡೋಕಾಗದೆ, ನಾರ್ವೆಯ ಸ್ವಾಲ್ಬಾರ್ಡ್ ಹಿಮಭಂಡಾರದಲ್ಲಿ ಮುಂಚೆಯೇ ಇಟ್ಟಿದ್ದ ನಕಲು ಬೀಜಗಳನ್ನು 2015ರಲ್ಲಿ ವಾಪಸ್ ತರಿಸಿಕೊಂಡು ಮತ್ತೆ ಬೆಳೆಸಬೇಕಾಯಿತು. ನಕಲು ಇಲ್ಲದಿದ್ದರೆ? ಜೀನ್ ಒಮ್ಮೆ ಹೋದರೆ ಅಂಗಡಿಯಲ್ಲಿ ಸಿಗೋದಿಲ್ಲ.

ನಮ್ಮ ಕೈಲಾಗುವ ಕೆಲಸ ನಮ್ಮ ಊರಿನ ಕಾಳುಗಳದ್ದು. ಬಟಾಣಿ ಇರಲಿ, ಅವರೆ, ಅಲಸಂದೆ, ಹುರುಳಿ ಇರಲಿ, ಅವುಗಳ ಕಣಜದಲ್ಲೂ ಇದೇ ರೀತಿಯ ಪ್ರೋಟೀನ್ ಕುಟುಂಬಗಳಿವೆ. ಮನೆಯಲ್ಲಿ ಅಜ್ಜಿ ಇಟ್ಟುಕೊಂಡು ಬಂದ ಕಾಳಿನಲ್ಲಿ ಯಾವ ಗೆರೆ ಇದೆ ಅಂತ ಯಾರೂ ಜೆಲ್ ಹಾಕಿ ನೋಡಿರೋದಿಲ್ಲ. ನೋಡುವ ಮೊದಲೇ ಅದು ಸಾರಿನ ಪಾತ್ರೆಗೆ ಹೋಗಿ ಮುಗಿಯಬಾರದು.

ಬಟಾಣಿಯ ಮಟ್ಟಿಗೆ ಒಂದು ಅನುಕೂಲ ಇದೆ. ಇದು ಸ್ವಪರಾಗದ ಬೆಳೆ. ಹೂ ಅರಳುವ ಮೊದಲೇ ಒಳಗೇ ಪರಾಗಸ್ಪರ್ಶ ಆಗಿಬಿಡುತ್ತೆ. ಮೆಂಡಲ್ ಬಟಾಣಿಯನ್ನು ಆರಿಸಿದ್ದೂ ಅದಕ್ಕೇ. ಹೈಬ್ರಿಡ್ ಜೋಳದ ಹಾಗೆ ಪ್ರತಿ ವರ್ಷ ಬೀಜ ಕೊಳ್ಳಬೇಕಿಲ್ಲ, ಚೆನ್ನಾಗಿ ಬಲಿತ ನಿರೋಗಿ ಗಿಡಗಳಿಂದ ಬೀಜ ಇಟ್ಟುಕೊಂಡರೆ ತಳಿ ಹಾಗೇ ಬರುತ್ತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೂದಿರೋಗ, ತುಕ್ಕುರೋಗ ತಡೆಯುವ ಅರ್ಕಾ ಅಜಿತ್‌ನಂಥ ತಳಿಗಳನ್ನು ಕೊಟ್ಟಿದೆ. ಅಂಥ ತಳಿಯ ಬೀಜವನ್ನೂ ನೀವು ನಿಮ್ಮ ಹೊಲಕ್ಕೆ ಉಳಿಸಿಕೊಳ್ಳಬಹುದು.

ಕಾನೂನೂ ನಿಮ್ಮ ಪರ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ರೈತರು ಬೀಜ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನಿಮ್ಮ ಊರಿನ ತಳಿಯನ್ನು 'ರೈತರ ತಳಿ' ಅಂತ ನೋಂದಾಯಿಸಲೂ ಅವಕಾಶ ಇದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಈ ವಾರದ ಕೆಲಸ

1. ಮನೆಯಲ್ಲಿರುವ ಪ್ರತಿಯೊಂದು ಊರ ಕಾಳಿನ ಅರ್ಧ ಕೆಜಿ ಬೇರೆ ತೆಗೆಯಿರಿ. ಮುರುಕು, ಹುಳುಕು ಆರಿಸಿ ಬಿಡಿ.
2. ಬಿಸಿಲಲ್ಲಿ ಒಣಗಿಸಿ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಅಂತ ಒಡೆಯಬೇಕು, ಮೆತ್ತಗೆ ಒತ್ತಬಾರದು. ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.
3. ಡಬ್ಬಿಯ ಮೇಲೆ ಕಾಳಿನ ಹೆಸರು, ಯಾರ ಮನೆಯದು, ಯಾವ ವರ್ಷದ್ದು, ಏನು ವಿಶೇಷ ಅಂತ ಬರೆಯಿರಿ. ಬೇಗ ಬೇಯುತ್ತೆ, ಹುಳ ಬೀಳಲ್ಲ, ಬರ ತಡೆಯುತ್ತೆ – ಮನೆಯ ಹೆಂಗಸರಿಗೆ ಗೊತ್ತಿರುತ್ತೆ, ಕೇಳಿ ಬರೆದುಕೊಳ್ಳಿ.
4. ಕಾಳು, ಹೂವು, ಕಾಯಿ ಮೂರರ ಫೋಟೊ ಮೊಬೈಲಿನಲ್ಲಿ ತೆಗೆದು ಅದೇ ಹೆಸರಲ್ಲಿ ಉಳಿಸಿ.
5. ಪ್ರತಿ ವರ್ಷ ಒಂದು ಸಾಲಾದರೂ ಬಿತ್ತಿ ಬೀಜ ಹೊಸದು ಮಾಡಿ. ಒಂದು ಹಿಡಿ ಪಕ್ಕದ ಊರಿನ ಸ್ನೇಹಿತನಿಗೆ ಕೊಡಿ. ನಿಮ್ಮ ಡಬ್ಬಿ ಹಾಳಾದರೆ ಅವನದ್ದು ಇರುತ್ತೆ.

ಇನ್ನು ಮುಂದೆ ಯಾರಾದರೂ "ಈ ತಳಿಯಲ್ಲಿ ಪ್ರೋಟೀನ್ ಜಾಸ್ತಿ" ಅಂದರೆ ಸುಮ್ಮನೆ ತಲೆ ಆಡಿಸಬೇಡಿ. ಯಾವ ಪ್ರೋಟೀನ್, ಒಣಕಾಳಿನ ಲೆಕ್ಕವೋ ಹಸಿದೋ, ಇಳುವರಿ ಎಷ್ಟು ಅಂತ ಕೇಳಿ. ಪ್ರೋಟೀನ್ ಏರಿದಾಗ ಇಳುವರಿ ಇಳಿಯೋದು ಎಷ್ಟೋ ತಳಿಗಳಲ್ಲಿ ಕಂಡಿದೆ, ಎರಡನ್ನೂ ಗುಣಿಸಿ ಎಕರೆಗೆ ಎಷ್ಟು ಪ್ರೋಟೀನ್ ಬಂತು ಅಂತ ನೋಡೋದೇ ಸರಿಯಾದ ಲೆಕ್ಕ.

ಮುಂದಿನ ವಾರ ಮಣ್ಣು ಆರೋಗ್ಯ ಕಾರ್ಡನ್ನು ಸಾಲುಸಾಲಾಗಿ ಓದೋದು ಹೇಗೆ ಅಂತ ನೋಡೋಣ. ಅಷ್ಟರೊಳಗೆ ನಿಮ್ಮ ಕಾರ್ಡ್ ಹುಡುಕಿ ಕೈಗೆ ಸಿಗೋ ಹಾಗೆ ಇಟ್ಟಿರಿ.